ಅಪ್ಪ ಮಡಿಸಿ ಬರೆದ ಮನುಷ್ಯ

ಅಮ್ಮ ತೋರಿಸಿದ್ದು ಕುತ್ತಿಗೆಯನ್ನು. ಡಾಕ್ಟರಮ್ಮ ಕೇಳಿದ್ದು ಹೊಟ್ಟೆಯ ಬಗ್ಗೆ.

ಎಡ ಕೊರಳೆಲುಬಿನ ಮೇಲೆ, ಬಟಾಣಿಯಷ್ಟಿದ್ದು ಗೋಲಿಯಷ್ಟಾಗಿದ್ದ ಗಂಟನ್ನು ಅವರು ಎರಡು ಬೆರಳಲ್ಲಿ ಒತ್ತಿ ನೋಡಿದರು. ಗಂಟು ಜರುಗಲಿಲ್ಲ.

"ಊಟ ಸೇರ್ತಾ ಇದೆಯಾಮ್ಮ? ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಆಗುತ್ತಾ?"

ಅಮ್ಮ ಬೆಚ್ಚಿಬಿದ್ದಳು. "ಹೌದು. ಗ್ಯಾಸ್ ಅಂದ್ಕೊಂಡಿದ್ದೆ. ನಿಮಗೆ ಹೇಗೆ ಗೊತ್ತಾಯ್ತು?"

"ಮೇಡಂ, ಗಂಟಿರೋದು ಕತ್ತಲ್ಲಿ," ಎಂದು ಅಪ್ಪ ಮಧ್ಯೆ ಬಾಯಿ ಹಾಕಿದ. ಡಾಕ್ಟರ ಮುಂದೆ ಸುಮ್ಮನಿದ್ದರೆ ಅವನು ನಮ್ಮಪ್ಪನೇ ಅಲ್ಲ.

ಅಪ್ಪ ಬೋರ್ಡ್ ಬರೆಯುವವನು. ಅಂಗಡಿಯ ಹೆಸರು, ಲಾರಿಯ ನಂಬರು ಎಲ್ಲ ಬರೆದಿದ್ದರೂ ನಮ್ಮ ಹೊಟ್ಟೆ ಹೊರೆದದ್ದು ಶಾಲೆಗಳಿಗೂ ಕ್ಲಿನಿಕ್‌ಗಳಿಗೂ ಬರೆದುಕೊಟ್ಟ ಶರೀರದ ಪಟಗಳು. ಕೆಂಪು, ನೀಲಿ ರಕ್ತನಾಳಗಳು ಅಪ್ಪನ ಕೈಯವು. ಹಸಿರು ಅಮ್ಮನದು. ಅಡುಗೆ ಮುಗಿಸಿ, ಮೂಗು ಪಟಕ್ಕೆ ತಾಗುವಷ್ಟು ಬಗ್ಗಿ, ಸಣ್ಣ ಕುಂಚದಲ್ಲಿ ದುಗ್ಧನಾಳಗಳಿಗೆ, ಅಂದರೆ ಲಿಂಫ್ ನಾಳಗಳಿಗೆ, ಬಣ್ಣ ತುಂಬುತ್ತಿದ್ದಳು. ನಾಳಗಳ ಉದ್ದಕ್ಕೂ ಅಲ್ಲಲ್ಲಿ ಪುಟ್ಟ ಪುಟ್ಟ ಗಂಟುಗಳು. ಕಂಕುಳಲ್ಲಿ, ತೊಡೆಸಂದಿಯಲ್ಲಿ, ಕುತ್ತಿಗೆಯಲ್ಲಿ ಗೊಂಚಲು ಗೊಂಚಲು.

ಅಪ್ಪ ಆಚೆಬದಿ ಕಾಣುವ ತೆಳು ಬಟರ್ ಪೇಪರಿನ ಮೇಲೆ ಅರ್ಧ ಮನುಷ್ಯನನ್ನು ಮಾತ್ರ ಬರೆಯುತ್ತಿದ್ದ. ಆಮೇಲೆ ನಡುಗೆರೆಗೆ ಸರಿಯಾಗಿ ಮಡಿಸಿ, ಒತ್ತಿ, ಇನ್ನರ್ಧ ತೆಗೆಯುತ್ತಿದ್ದ. ಹೃದಯ, ಜಠರ, ಪಿತ್ತಜನಕಾಂಗ ಮಾತ್ರ ಕೊನೆಯಲ್ಲಿ ಬೇರೆಯಾಗಿ.

"ದೇವರೇ ಎರಡು ಸಲ ಕಷ್ಟಪಟ್ಟಿಲ್ಲ ಕಣೇ, ನಾನ್ಯಾಕೆ ಪಡ್ಲಿ?" ಎನ್ನುತ್ತಿದ್ದ. ನಾವು ನಗುತ್ತಿದ್ದೆವು.

ಬರೆದೂ ಬರೆದೂ ಅವನಿಗೆ ಮೈಯೆಲ್ಲ ಬಾಯಿಪಾಠವಾಗಿತ್ತು. ರಕ್ತದಿಂದ ಮಾಂಸದ ಸಂದಿಗೆ ಸೋರಿದ ನೀರನ್ನು ಈ ಹಸಿರು ನಾಳಗಳು ಎತ್ತಿಕೊಂಡು ಮತ್ತೆ ರಕ್ತಕ್ಕೆ ಮುಟ್ಟಿಸುತ್ತವೆ; ಇದನ್ನು ನೂಕಲು ಹೃದಯದಂಥ ಪಂಪಿಲ್ಲ, ನಾವು ನಡೆದಾಡಿ ಉಸಿರಾಡಿದರೇ ಚೆನ್ನಾಗಿ ಹರಿಯುವುದು; ದಾರಿಯಲ್ಲಿ ಗಂಟುಗಳು ರೋಗಾಣುಗಳನ್ನು ಹಿಡಿದು ನಿಲ್ಲಿಸುತ್ತವೆ ಎಂದು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಎದುರುಮನೆಯ ಮೆಕ್ಯಾನಿಕ್ ತೊಡೆಸಂದಿಯಲ್ಲಿ ಗಂಟೆಂದು ಬಂದಾಗ, "ಕಾಲಲ್ಲಿ ಗಾಯ ಇದೆಯಾ ನೋಡ್ಕೊ" ಎಂದ. ಹೆಬ್ಬೆರಳಲ್ಲಿ ಕೀವಾಗಿತ್ತು! ಅವತ್ತಿನಿಂದ ಬೀದಿಯವರು ಅವನನ್ನು ಅರ್ಧ ಡಾಕ್ಟ್ರು ಎಂದು ಕರೆದರು. ಅಪ್ಪನನ್ನು ಹಿಡಿಯುವವರೇ ಇರಲಿಲ್ಲ.

ಅಮ್ಮನ ಗಂಟಿಗೂ ಅವನೇ ಡಾಕ್ಟರಾದ. ಎಡ ಕುತ್ತಿಗೆ ಎಂದರೆ ಎಡಗಡೆಯ ಹಲ್ಲು ಎಂದು ತೀರ್ಪು ಕೊಟ್ಟ. ಹುಳುಕು ದವಡೆಹಲ್ಲೂ ಒಂದಿತ್ತು, ಕೀಳಿಸಿದ. ಗಂಟು ಇಳಿಯಲಿಲ್ಲ. ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದು ನಾನು ಬಾಯಿ ಬಡಿದುಕೊಂಡೆ.

"ನಿಮ್ಮಪ್ಪನಿಗಿಂತ ದೊಡ್ಡ ಡಾಕ್ಟ್ರು ಬೇಕಾ ನಿಂಗೆ?" ಎಂದು ಅಮ್ಮ ನಕ್ಕಳು.

ಮಳೆಗಾಲ ಹೋಗಿ ಚಳಿಗಾಲ ಬಂತು. ಅಮ್ಮನ ಬಟ್ಟೆಗಳು ಸಡಿಲವಾದವು. ಆಗ ನಾನು ಯಾರ ಮಾತೂ ಕೇಳದೆ ಇಬ್ಬರನ್ನೂ ಆಸ್ಪತ್ರೆಗೆ ಎಳೆದುಕೊಂಡು ಬಂದೆ.

ಡಾಕ್ಟರಮ್ಮ ಅಪ್ಪನಿಗೆ ಉತ್ತರ ಹೇಳಲು ಗೋಡೆಯ ಕಡೆ ತಿರುಗಿದರು. ಅಲ್ಲಿ ಒಂದು ಪಟ ತೂಗುತ್ತಿತ್ತು. ಅಕ್ಷರ ನೋಡಿದೊಡನೆ ನನಗೆ ಗುರುತು ಸಿಕ್ಕಿತು. ಅದು ನಮ್ಮ ಮನೆಯ ಪಟ.

"ಇಲ್ಲಿ ನೋಡಿ... ಬೇಡ, ಇದನ್ನ ನೋಡ್ಬೇಡಿ, ಇದು ತಪ್ಪು. ಎರಡೂ ಕಡೆ ಒಂದೇ ಥರ ಬರ್ದುಬಿಟ್ಟಿದ್ದಾರೆ. ಎರಡು ಕಾಲು, ಇಡೀ ಹೊಟ್ಟೆ, ಎಡಗೈ, ಎಡ ತಲೆ, ಎಲ್ಲಾದರ ದುಗ್ಧರಸವೂ ಎಡ ಕತ್ತಿನ ಬುಡಕ್ಕೇ ಬರುತ್ತೆ. ಹೊಟ್ಟೆಯಿಂದ ಒಂದು ದೊಡ್ಡ ನಾಳ ಬೆನ್ನುಮೂಳೆ ಪಕ್ಕದಲ್ಲೇ ಹತ್ತಿ ಬಂದು ಅಲ್ಲೇ ರಕ್ತಕ್ಕೆ ಸೇರುತ್ತೆ. ಬಲಗಡೆಗೆ ಬರೋದು ಬಲಗೈ, ಬಲ ಎದೆ, ಬಲ ತಲೆದು ಅಷ್ಟೇ. ಅದಕ್ಕೇ ಇಲ್ಲಿ ಗಂಟು ಕಂಡ್ರೆ ನಾವು ಹೊಟ್ಟೆ ನೋಡ್ತೀವಿ. ಯಾರು ಬರೆದ್ರೋ ಇದನ್ನ!"

ಅಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ಅಮ್ಮ, "ಪಾಪ, ಯಾರೋ ಅವಸರದಲ್ಲಿ ಬರ್ದಿರ್ತಾರೆ ಬಿಡಿ ಡಾಕ್ಟ್ರೇ," ಎಂದಳು.

"ನಾನೇ ಬರ್ದಿದ್ದು," ಎಂದ ಅಪ್ಪ. "ಇವಳಿಗೆ ಹಲ್ಲು ಕೀಳಿಸಿದ್ದೂ ನಾನೇ."

ಡಾಕ್ಟರಮ್ಮನ ಕೈ ಪಟದ ಮೇಲೆ ಹಾಗೇ ನಿಂತುಬಿಟ್ಟಿತು. ನನಗೆ ಅಪ್ಪನ ಮೇಲೆ ಹೇಳಲಾರದಷ್ಟು ಸಿಟ್ಟು ಬಂತು, ಅವನ ಮುಖ ನೋಡಿ ಅಷ್ಟೇ ಸಂಕಟವೂ ಆಯಿತು.

ಪರೀಕ್ಷೆಗಳೆಲ್ಲ ಮುಗಿದು ಮತ್ತೆ ಅದೇ ಕೋಣೆಗೆ ಹೋದಾಗ ಗೋಡೆಯ ಮೇಲೆ ಪಟ ಇರಲಿಲ್ಲ. ಕ್ಯಾನ್ಸರ್ ಹುಟ್ಟಿದ್ದು ಜಠರದಲ್ಲಿ; ಅದೇ ನಾಳ ಹಿಡಿದು ಕುತ್ತಿಗೆಯವರೆಗೆ ಹತ್ತಿತ್ತು. ಆಪರೇಷನ್ ಮಾಡಿ ಪ್ರಯೋಜನವಿಲ್ಲ, ಔಷಧಿ ಕೊಟ್ಟು ನೋಡೋಣ ಎಂದು ಡಾಕ್ಟರಮ್ಮ ಮೆತ್ತಗೆ ಹೇಳಿದರು.

ಅಪ್ಪ ಕೈ ಮುಗಿದುಕೊಂಡೇ ಕೇಳಿದ. "ಹಲ್ಲು ಕೀಳಿಸೋ ಬದಲು ಆವತ್ತೇ ಇಲ್ಲಿಗೆ ಕರ್ಕೊಂಡು ಬಂದಿದ್ರೆ?"

ಡಾಕ್ಟರಮ್ಮ ಏನೋ ಹೇಳಹೊರಟರು. ಅಮ್ಮ ಬಿಡಲಿಲ್ಲ.

"ಆವಾಗ ಬಂದಿದ್ರೂ ಇಷ್ಟೇ, ಅಲ್ವಾ ಡಾಕ್ಟ್ರೇ?"

ಅಮ್ಮ ಯಾರನ್ನೂ ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಕಣ್ಣಲ್ಲೇ ಕಾಲು ಹಿಡಿದುಕೊಂಡಿದ್ದಳು. ಡಾಕ್ಟರಮ್ಮ ರಿಪೋರ್ಟಿನ ಹಾಳೆ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು.

"ಇಷ್ಟೇ ಅಮ್ಮ," ಎಂದರು.

ಅಪ್ಪ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅಮ್ಮ ಅವನ ಬೆನ್ನು ಸವರುತ್ತ, "ಕೇಳಿದ್ರಲ್ಲ ರೀ, ಇನ್ನು ಸುಮ್ಮನಿರಿ," ಎಂದಳು. ಅವನು ನಂಬಿದ. ಪಕ್ಕದಲ್ಲಿ ಕೂತು ಡಾಕ್ಟರಮ್ಮನ ಮುಖ ನೋಡಿದ್ದ ನಾನು ನಂಬಲಿಲ್ಲ.

ತನಗೆ ಇನ್ನೆಷ್ಟು ದಿನ ಎಂದು ಅಮ್ಮ ಕೇಳಲೇ ಇಲ್ಲ. ಆ ಕೋಣೆಯಲ್ಲಿ ಅವತ್ತು ಅವಳು ಕೇಳಿದ್ದು 'ಇಷ್ಟೇ' ಎಂಬ ಆ ಒಂದು ಮಾತನ್ನೇ.