ಮೆಟ್ಟಿಲವರೆಗಿನ ಜಿನೋವಾ

ವತ್ಸಲಾ ಇಟಲಿಯ ಬಂದರು ನಗರ ಜಿನೋವಾವನ್ನು ಕಂಡವಳಲ್ಲ. ಆದರೂ ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯ ಕನ್ನಡಿಗರು ಇಟಲಿಗೆ ಹೊರಟರೆ ದಾರಿ ಕೇಳಲು ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ಧಾರವಾಡದ ಕಾಲೇಜಿನಲ್ಲಿ ಇತಿಹಾಸ ಕಲಿಸುವಾಗ ಆ ಹಳೆಯ ಬಂದರಿನ ಬಾಗನ್ನು ಕರಿಹಲಗೆಯ ಮೇಲೆ ಕಣ್ಣು ಮುಚ್ಚಿ ಬರೆಯುತ್ತಿದ್ದಳು. ಗಂಡ ಚಂದ್ರಮೋಹನನ ನೌಕರಿಗೆ ಜೋತುಬಿದ್ದ ವೀಸಾದಲ್ಲಿ ಸ್ಯಾನ್ ಡಿಯಾಗೋಗೆ ಬಂದ ಮೇಲೆ ಕಲಿಸುವ ಹಕ್ಕು ಹೋಯಿತು. ಮಧ್ಯಾಹ್ನಗಳಲ್ಲಿ ಕಂಪ್ಯೂಟರಿನ ಬೀದಿಚಿತ್ರಗಳೊಳಗೆ ಜಿನೋವಾ ಸುತ್ತುವುದು ಉಳಿಯಿತು. ಬಂದರಿನಿಂದ ಏರುವ ಒಂದು ಓಣಿಯ ಕೊನೆಯಲ್ಲಿ ಕಲ್ಲುಮೆಟ್ಟಿಲು. ಬೀದಿಚಿತ್ರ ತೆಗೆದ ಕಾರು ಮೆಟ್ಟಿಲು ಹತ್ತಲಾರದೆ ಅಲ್ಲೇ ನಿಂತಿತ್ತು; ಚಿತ್ರಗಳೂ ಅಲ್ಲಿಗೇ ಮುಗಿದಿದ್ದವು. ಮೇಲೇನಿದೆಯೆಂಬುದು ಅವಳನ್ನು ವರ್ಷಗಟ್ಟಲೆ ಕಾಡಿತ್ತು.

೨೦೧೩ರ ಬೇಸಿಗೆಯಲ್ಲಿ ನೆರೆಮನೆಯ ನಿಕಿತಾಳ ಸಂಸಾರದೊಡನೆ ಹೊರಡಲು ಟಿಕೆಟ್ ತೆಗೆದದ್ದಾಗಿತ್ತು. ಇಟಲಿಯ ವೀಸಾ ಕೇಳಲು ಲಾಸ್ ಏಂಜಲೀಸಿಗೆ ಹೋಗುವ ಮುನ್ನಾದಿನ ಚಂದ್ರಮೋಹನ ಪಾಸ್‌ಪೋರ್ಟ್ ತೆರೆದು ವೀಸಾದ ತಾರೀಖಿನ ಮೇಲೆ ಬೆರಳಿಟ್ಟ. ಅಮೆರಿಕದಲ್ಲಿ ಉಳಿಯುವ ಅನುಮತಿ ನವೀಕರಣವಾಗಿತ್ತು. ಒಳಗೆ ಬರುವ ವೀಸಾ ಎಂದೋ ಮುಗಿದಿತ್ತು. ಎರಡೂ ಒಂದೇ ಎಂದು ನಂಬಿದ್ದರು. ಹೊರಗೆ ಕಾಲಿಟ್ಟರೆ ಮರಳಲು ಮತ್ತೆ ಸ್ಟ್ಯಾಂಪಿಂಗ್, ಅಂದರೆ ಕಾನ್ಸುಲೇಟಿನಲ್ಲಿ ಹೊಸ ವೀಸಾ ಮುದ್ರೆ; ಎಷ್ಟು ಕಾಲ ಕಾಯಿಸುವರೋ, ಅಷ್ಟರಲ್ಲಿ ನೌಕರಿ ಇರುವುದೋ ಇಲ್ಲವೋ. ಕಾಯಂ ವಾಸದ ಗ್ರೀನ್ ಕಾರ್ಡ್ ಬರಲಿ, ಆಮೇಲೆ ಹೋಗೋಣ ಎಂದ ಅವನು. ಆ ಮಾತು ಮನೆಯ ಗೋಡೆಗಳಿಗೂ ಬಾಯಿಪಾಠವಾಗಿತ್ತು. ನಿಕಿತಾಳ ಸಂಸಾರ ಮಾತ್ರ ಹೊರಟಿತು. ವತ್ಸಲಾ ಅವಳಿಂದ ಒಂದೇ ಮಾತು ಪಡೆದಳು: ಆ ಮೆಟ್ಟಿಲು ಹತ್ತಬೇಕು.

ಬೆಳಗಿನ ಚಹದ ಹೊತ್ತಿಗೆ ಜಿನೋವಾದಿಂದ ನಿಕಿತಾಳ ಫೋನ್ ಬಂತು. ಅಲ್ಲಿ ಆಗಲೇ ಸಂಜೆ.

"ಅಕ್ಕ, ದಾರಿ ತಪ್ಪಿದೀವಿ. ಹಸಿರು ಬಾಗಿಲು, ಎದುರಿಗೆ ಮೆಟ್ಟಿಲು. ನಿಮ್ದು ಇದೇನಾ?"

ವತ್ಸಲಾ ಕಂಪ್ಯೂಟರಿನ ತೆರೆಯ ಮೇಲೆ ಅದೇ ಬಾಗಿಲಿಗೆ ಬಂದು ನಿಂತಳು. "ಅದ. ಏರವಾ. ಮ್ಯಾಲ ಏನದ, ಅಷ್ಟ ಹೇಳು ನಂಗ."

ನಿಕಿತಾಳ ಏದುಸಿರು ಕೇಳಿಸಿತು. ಹಿಂದೆಯೇ ನಿಕಿತಾಳ ಮಗ ಅಮೋಘನ ರಾಗ: "ಮಾಮ್, ಐ ಆಮ್ ಸೋ ಟೈರ್ಡ್."

"ಇವ್ನು ಬರ್ತಾನೇ ಇಲ್ಲ ಅಕ್ಕ. ಮೇಲೂ ಇಂಥದ್ದೇ ಗೋಡೆ ಇರುತ್ತೆ ಬಿಡಿ. ನೀವೇ ಬಂದು ನೋಡ್ತೀರಲ್ಲ ಒಂದಿನ. ಬಂದರಿಗೆ ಯಾವ ಕಡೆ ಹೇಳಿ."

ವತ್ಸಲಾ ಲೋಟ ಹತ್ತಿರಕ್ಕೆಳೆದಳು. ಚಹದ ಮೇಲೆ ಕೆನೆ ಕಟ್ಟಿತ್ತು. ಕೂಸು ದಣಿದದ ಎಂದು ತನಗೆ ತಾನೇ ಹೇಳಿಕೊಂಡು, ಹಿಂದಕ್ಕ ಹೊಳ್ಳು ಎಂದಳು. ಕಮಾನು ದಾಟಿ ಎಡಕ್ಕೆ, ಮೀನಿನಂಗಡಿಯ ಮುಂದಿನ ಇಳಿಜಾರು. ಒಂದೊಂದು ತಿರುವಿಗೂ ತೆರೆಯ ಮೇಲೆ ತಾನೂ ಇಳಿದಳು.

"ನೀರು ಕಾಣ್ತಿದೆ ಅಕ್ಕ, ಥ್ಯಾಂಕ್ಸ್," ಎಂದು ನಿಕಿತಾ ಫೋನಿಟ್ಟಳು.

ವತ್ಸಲಾ ತೆರೆಯ ಮೇಲೆ ಮತ್ತೆ ಓಣಿ ಏರಿ, ಮೆಟ್ಟಿಲ ಬುಡಕ್ಕೆ ಬಂದು ನಿಂತಳು.