ಪಿಸಿಲಾಳ ಯಂತ್ರಕ್ಕೆ ಬಂದ ಅಪವಾದ

ನನ್ನ ಗಂಡನ ಅಕ್ಕ ಪಿಸಿಲಾ ನಮ್ಮ ಮನೆಯ ಬಾಗಿಲು ತಟ್ಟಿ ಬಂದವಳೇ ಅಲ್ಲ. ತಟ್ಟುವ ಅಗತ್ಯವೂ ಇರಲಿಲ್ಲ. ನಮ್ಮ ಟೋಂಗಾ ದ್ವೀಪಗಳಲ್ಲಿ ಮನೆ ಯಾರದ್ದೇ ಇರಲಿ, ಅಧಿಕಾರ ಗಂಡನ ಅಕ್ಕನದು. ನಾನು ಮೂರು ತಿಂಗಳು ಬೆನ್ನು ಬಗ್ಗಿಸಿ ಹೆಣೆದ ಚಾಪೆಯನ್ನು ನೋಡಿ ಅವಳು "ಚೆನ್ನಾಗಿದೆ" ಎಂದರೆ ಮುಗಿಯಿತು, ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಡುತ್ತಿದ್ದಳು. ಹಂದಿಮರಿ ಕೇಳಿದರೆ ಹಂದಿಮರಿ. ನನ್ನ ಮಗ ಮಾಫಿಗೆ ಹೆಸರಿಟ್ಟವಳೂ ಅವಳೇ, ಹೆತ್ತವಳನ್ನು ಒಂದು ಮಾತು ಕೇಳಲಿಲ್ಲ. ಮೂವತ್ತು ವರ್ಷ ಹಲ್ಲು ಕಚ್ಚಿಕೊಂಡು ನಕ್ಕಿದ್ದೇನೆ.

ಹಾಗಂತ ಕೆಟ್ಟವಳಲ್ಲ. ಮದುವೆ ಮಾಡಿಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದಳು. ಯಾವ ಮನೆಯಲ್ಲಿ ಯಾರು ಹೋದರೆಂದು ಅವಳಿಗೆ ಹಾಸಿಗೆಯ ಬಟ್ಟೆ ನೋಡಿದರೇ ತಿಳಿಯುತ್ತಿತ್ತು. "ನಮ್ಮ ಗಂಡಸರು ಎದೆ ಹಿಡ್ಕೊಂಡು ಬರ್ತಾರೆ ಕಣೆ, ಹಾಸಿದ ಬಟ್ಟೆ ಬಿಸಿ ಆಗೋದ್ರೊಳಗೆ ಹೋಗ್ಬಿಡ್ತಾರೆ" ಎನ್ನುತ್ತಿದ್ದಳು. ಅವಳಪ್ಪ ಹೋದದ್ದೂ ಹಾಗೆಯೇ, ನಲವತ್ತೊಂಬತ್ತಕ್ಕೆ.

ಕೆಲಸ ಬಿಟ್ಟ ವರ್ಷ ಆಕ್ಲೆಂಡಿನಲ್ಲಿರುವ ನಮ್ಮ ಚರ್ಚಿನ ಹೆಂಗಸರಿಗೆ ಚಾಪೆಗಳನ್ನು ಕಳಿಸಿ, ಬದಲಿಗೆ ಮನೆಯಲ್ಲೇ ಕೊಲೆಸ್ಟರಾಲ್ ನೋಡುವ ಪುಟ್ಟ ಯಂತ್ರ ತರಿಸಿಕೊಂಡಳು. ಆ ಚಾಪೆಗಳಲ್ಲಿ ಎರಡು ನನ್ನವು, ಅದು ಬೇರೆ ಮಾತು. ಬೆರಳಿಗೆ ಸೂಜಿ ಚುಚ್ಚಿ ಪಟ್ಟಿಯ ಮೇಲೆ ಒಂದು ಹನಿ ರಕ್ತ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅಂಕಿ ಮೂಡುತ್ತದೆ. ಆ ಯಂತ್ರದ ಲೆಕ್ಕದಲ್ಲಿ ಐದರ ಒಳಗಿದ್ದರೆ ಕ್ಷೇಮ.

ಬೆಳಗಾದರೆ ಯಂತ್ರ ಹಿಡಿದು ಮನೆಮನೆ ಸುತ್ತತೊಡಗಿದಳು. "ಏನ್ ಪಿಸಿಲಾ, ನಿನ್ನ ಸೊಳ್ಳೆ ಬಂತಾ?" ಎಂದು ಗಂಡಸರು ರೇಗಿಸುತ್ತಿದ್ದರು.

"ಈ ಸೊಳ್ಳೆ ಕಚ್ಚಿದ್ರೆ ಯಾರೂ ಸಾಯಲ್ಲ. ಸಿಪಿ ತಿಂದ್ರೆ ಸಾಯ್ತೀಯ. ಚಾಚು ಕೈ!"

ಸಿಪಿ ಎಂದರೆ ಹೊರದೇಶದಿಂದ ಪೆಟ್ಟಿಗೆಗಟ್ಟಲೆ ಬರುವ ಕುರಿಹೊಟ್ಟೆಯ ಕೊಬ್ಬಿನ ಮಾಂಸ. ಅಲ್ಲಿ ಯಾರಿಗೂ ಬೇಡದ್ದು ಇಲ್ಲಿ ನಮ್ಮ ಹಬ್ಬದೂಟ. ಅವಳನ್ನು ಬೈದುಕೊಳ್ಳುತ್ತಲೇ ಜನ ತಿನ್ನುವುದನ್ನು ಕಡಿಮೆ ಮಾಡಿದರು. ಅಂಕಿ ಏಳು ದಾಟಿದ್ದ ಪಾದ್ರಿಗಳೂ ಮೀನಿಗೆ ಇಳಿದರು.

ಉಳಿದದ್ದು ಅವಳ ಸ್ವಂತ ತಮ್ಮ, ನನ್ನ ಗಂಡ ಸೆಮಿಸಿ. ನಮ್ಮಲ್ಲಿ ಅಕ್ಕ ತಮ್ಮನ ಕೈ ಮುಟ್ಟುವಂತಿಲ್ಲ. ಬೆಳೆದ ಮೇಲೆ ಒಂದೇ ಕೋಣೆಯಲ್ಲಿ ಕೂರುವಂತೆಯೂ ಇಲ್ಲ. ಹಾಗಾಗಿ ಅವಳು ಜಗಲಿಯಲ್ಲೇ ಕೂತು ಯಂತ್ರವನ್ನೂ ಸೂಜಿಯನ್ನೂ ನನ್ನ ಕೈಗೆ ಕೊಟ್ಟು ಒಳಗೆ ಕಳಿಸಿದಳು.

ಆರಡಿ ಗಂಡಸು, ಎರಡೂ ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಮಂಚದ ಮೇಲೆ ಕೂತಿದ್ದ.

"ಬೆರಳು ಕೊಡಿ."

"ನಿಂದೇ ಚುಚ್ಕೊಂಡು ತೋರ್ಸು."

"ತಲೆ ಕೆಟ್ಟಿದೆಯಾ ನಿಮಗೆ?"

"ಮೆಲ್ಲಗೆ ಮಾತಾಡೆ! ಮುಂದಿನ ವಾರ ಚರ್ಚಿನ ಸಮ್ಮೇಳನ, ಒಂದು ಹೊತ್ತಿನ ಊಟ ನಮ್ಮದು. ಅಂಕಿ ಜಾಸ್ತಿ ಬಂದ್ರೆ ಅಕ್ಕ ತಿನ್ಬೇಡ ಅಂತಾಳೆ. ಅವಳಂದ ಮೇಲೆ ಮೀರೋಕಾಗುತ್ತಾ? ಬಂದೋರ ಮುಂದೆ ನಾನು ಬರೀ ಗೆಣಸು ಕಚ್ಕೊಂಡು ಕೂರ್ಲಾ?"

ಅಕ್ಕನ ಮಾತು ಮೀರಬಾರದು, ಆದ್ದರಿಂದ ಅಕ್ಕ ಆ ಮಾತನ್ನೇ ಆಡದ ಹಾಗೆ ನೋಡಿಕೊಳ್ಳಬೇಕು. ಇದು ನಮ್ಮ ಗಂಡಸರ ಮರ್ಯಾದೆ.

ಆಗಲ್ಲ ಎನ್ನಬಹುದಿತ್ತು. ಗಂಡ ಹೇಳಿದ, ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಶುದ್ಧ ಸುಳ್ಳು. ಜೀವಮಾನದಲ್ಲಿ ಒಮ್ಮೆಯಾದರೂ ಪಿಸಿಲಾಳಿಗೆ ಟೋಪಿ ಹಾಕಬೇಕೆಂಬ ಆಸೆ ನನಗಿತ್ತು. ಚುಚ್ಚಿಕೊಂಡೆ. ನಾಲ್ಕು ಪಾಯಿಂಟ್ ಆರು ಬಂತು.

ಹೊರಗೆ ಒಯ್ದು ತೋರಿಸಿದಾಗ ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತಳು. "ಅಪ್ಪನ ಹಾಗೆ ಇವನೂ ಹೋಗ್ತಾನೆ ಅನ್ಕೊಂಡಿದ್ದೆ ನೂನಿಯಾ. ಉಳ್ಕೊಂಡ ಬಿಡು" ಎಂದು ನನ್ನನ್ನು ಮೊದಲ ಸಲ ಅಪ್ಪಿಕೊಂಡಳು. ನಾನು ಚುಚ್ಚಿದ ಬೆರಳನ್ನು ಮಡಚಿ ಹಿಡಿದು ನಿಂತಿದ್ದೆ.

ಸಮ್ಮೇಳನದಲ್ಲಿ ಸೆಮಿಸಿ ಹೊಟ್ಟೆ ಬಿರಿಯುವಂತೆ ತಿಂದ. ನಾಲ್ಕು ತಿಂಗಳಾದ ಮೇಲೆ ಗೆಡ್ಡೆ ಅಗೆಯುವಾಗ ಹೊಲದಲ್ಲೇ ಕುಸಿದ. ಐವತ್ತೆರಡು ವಯಸ್ಸು. ಹೆಣದ ತಲೆಯ ಬಳಿ ಗೌರವದ ಜಾಗದಲ್ಲಿ ಕೂತ ಪಿಸಿಲಾ, "ಅಂಕಿ ಸರಿಯಾಗೇ ಇತ್ತಲ್ಲಪ್ಪಾ, ನನ್ನ ಕಣ್ಣಾರೆ ನೋಡಿದ್ನಲ್ಲಾ" ಎಂದು ಎದೆ ಬಡಿದುಕೊಳ್ಳುತ್ತಿದ್ದಳು. ನಮ್ಮಲ್ಲಿ ಸಾವಿನ ಶೋಕಕ್ಕೆ ಉಡುವ ಹರಕು ಚಾಪೆ ಸುತ್ತಿಕೊಂಡು ಕೂತಿದ್ದ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಹತ್ತನೆಯ ದಿನ ತಡೆಯಲಾಗದೆ ಹೇಳಿಬಿಟ್ಟೆ. "ಅವತ್ತಿನ ರಕ್ತ ನಂದು ಅಕ್ಕ."

ಹೊಡೆಯುತ್ತಾಳೆಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕೇಳಿದ್ದು ಒಂದೇ ಮಾತು: "ಯಾರಿಗಾದ್ರೂ ಹೇಳಿದ್ದೀಯಾ?"

"ಇಲ್ಲ."

"ಹೇಳ್ಬೇಡ. ಯಂತ್ರನೇ ಸುಳ್ಳು ಹೇಳ್ತು ಅಂತ ನಾನು ಹೇಳ್ತೀನಿ. ತಮ್ಮ ಅಕ್ಕಂಗೆ ಮೋಸ ಮಾಡ್ದ ಅಂತ ಊರೋರು ಅವನ ಗೋರಿ ಮುಂದೆ ಆಡ್ಕೋಬಾರ್ದು."

ಆ ಭಾನುವಾರವೇ ಚರ್ಚಿನ ಅಂಗಳದಲ್ಲಿ ನಿಂತು ಎಲ್ಲರಿಗೂ ಹಾಗೆಯೇ ಹೇಳಿದಳು. ಊರಿಗೆ ಊರೇ ನಿರಾಳವಾಯಿತು. ಪಾದ್ರಿಗಳು ಮೀನು ಬಿಟ್ಟು ಮತ್ತೆ ಸಿಪಿಗೆ ಬಂದರು.

ಕಳೆದ ತಿಂಗಳು ಮಾಫಿ ಮೂಟೆ ಇಳಿಸಿ ಬಂದು ಎಡತೋಳು ಉಜ್ಜಿಕೊಳ್ಳುತ್ತ ಊಟಕ್ಕೆ ಕೂತ. ಅಪ್ಪನದೇ ಮೈಕಟ್ಟು, ಅಪ್ಪನದೇ ಹಸಿವು. ವಯಸ್ಸು ಇನ್ನೂ ಇಪ್ಪತ್ತೊಂಬತ್ತು. ನಾನು ಓಡಿಹೋಗಿ ಪಿಸಿಲಾಳನ್ನು ಕರೆದೆ. ಅವಳು ಮಡಿಸಿಟ್ಟ ಚಾಪೆಗಳ ಅಡಿಯಿಂದ ಯಂತ್ರ ತೆಗೆದುಕೊಂಡು ಬಂದಳು.

"ಅದೇ ಸುಳ್ಳುಬುರುಕ ತಂದ್ಯಾ ಅತ್ತೆ?" ಎಂದು ನಕ್ಕ ಮಾಫಿ. ಸೋದರತ್ತೆಯ ಮಾತು ತೆಗೆದುಹಾಕಲಾಗದೆ ಬೆರಳು ಚಾಚಿದ. ಏಳು ಪಾಯಿಂಟ್ ಒಂಬತ್ತು ಬಂತು.

"ಅಪ್ಪಂಗೆ ನಾಲ್ಕೂವರೆ ತೋರ್ಸಿ ಸಾಯ್ಸಿತ್ತು. ನಂಗೆ ಎಂಟು ತೋರ್ಸಿದೆ ಅಂದ್ರೆ ನೂರು ವರ್ಷ ಗ್ಯಾರಂಟಿ."

"ಸಿಪಿ ತಿನ್ಬೇಡ ಮಾಫಿ" ಎಂದಳು ಪಿಸಿಲಾ.

"ಆಯ್ತು ಅತ್ತೆ, ನಿನ್ನೆದುರಿಗೆ ತಿನ್ನಲ್ಲ."

ಅವನು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದ. ನಾನು ಬಾಯಿ ತೆರೆದೆ. ಪಿಸಿಲಾ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಬಿಡಿಸಿಕೊಳ್ಳುವ ಶಕ್ತಿ ನನಗಿತ್ತು. ಬಿಡಿಸಿಕೊಳ್ಳಲಿಲ್ಲ. ಸತ್ತವನ ಮಾನ ಕಾಯುತ್ತ ನಾವಿಬ್ಬರೂ, ಹಿತ್ತಲಲ್ಲಿ ಅವನು ಮೂಳೆ ಚೀಪುವ ಸದ್ದು ನಿಲ್ಲುವವರೆಗೂ ಹಾಗೆಯೇ ಕೂತಿದ್ದೆವು.