ಬಾರದವರ ಖಾನೆ

ವ್ಯಸನ ಬಿಡಿಸುವ ಆಸ್ಪತ್ರೆಯ ಮೇಲಂತಸ್ತಿನಲ್ಲಿ ಅಂಕಿಅಂಶ ನೋಡಿಕೊಳ್ಳುವ ಆಕೆಗೆ ಎಲ್ಲರೂ ಇಟ್ಟ ಹೆಸರು ಸರಾಸರಿ ಮೇಡಂ. ಕಾಫಿ ಹೇಗಿದೆ ಎಂದು ಕೇಳಿದರೂ 'ಯಾವುದಕ್ಕೆ ಹೋಲಿಸಿದರೆ?' ಎನ್ನುವ ಹೆಂಗಸು. ಕೆಳಗೆ ರೋಗಿಗಳು ಅತ್ತರೂ ಬೈದಾಡಿದರೂ ಆಕೆಗೆ ಅವರ ಮುಖ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಒಬ್ಬೊಬ್ಬರೂ ಒಂದೊಂದು ಸಾಲು. ತಲೆ ನರೆಯುವ ತನಕ ಆ ಸಾಲುಗಳ ಜೊತೆಗೇ ಸಂಸಾರ ಮಾಡಿದಳೆಂದರೆ ತಪ್ಪಿಲ್ಲ. ಒಡಹುಟ್ಟಿದವನು ಒಬ್ಬನೇ ತಮ್ಮ. ಅವನೂ ಕುಡುಕ.

ಆಗ ಕುಡಿತ ಬಿಡಿಸುವ ಮಾತ್ರೆಯೊಂದರ ಪರೀಕ್ಷೆ ನಡೆದಿತ್ತು. ಅರ್ಧ ಜನಕ್ಕೆ ಮಾತ್ರೆ, ಉಳಿದವರಿಗೆ ಅದೇ ಬಣ್ಣದ ಸುಳ್ಳು ಮಾತ್ರೆ. ವಾರವಾರ ಬಂದು, ಕುಡಿದೆನೋ ಇಲ್ಲವೋ ಹೇಳಿ ಹೋಗಬೇಕು. ನಡುವೆಯೇ ಬರುವುದನ್ನು ನಿಲ್ಲಿಸಿದವರನ್ನು ಏನು ಮಾಡುವುದು? ಅದಕ್ಕೆ ಆ ವಿಭಾಗದಲ್ಲೊಂದು ರೂಢಿಯಿತ್ತು: ಅವರು ಕೊನೆಯ ಸಲ ಹೇಳಿದ್ದನ್ನೇ ಮುಂದಿನ ಖಾಲಿ ಖಾನೆಗಳಿಗೆಲ್ಲ ತುಂಬುವುದು. 'ಕುಡಿದಿಲ್ಲ' ಎಂದು ಹೇಳಿ ಮಾಯವಾದವನು ಪರೀಕ್ಷೆ ಮುಗಿಯುವವರೆಗೂ ಕುಡಿಯದವನೇ. ಕೆಲಸ ಕಲಿಸಿದವರು ಹಾಗೆ ಮಾಡುತ್ತಿದ್ದರು, ಈಕೆಯೂ ಕಣ್ಣುಮುಚ್ಚಿಕೊಂಡು ಹಾಗೇ ಮಾಡುತ್ತ ಬಂದಳು. ಫಲಿತಾಂಶ ಹೂವೆತ್ತಿದ ಹಾಗೆ ಬಂತು. ಮಾತ್ರೆ ಗೆದ್ದಿತ್ತು.

ಅದೇ ಮಾತ್ರೆ ಬೇರೆ ಕಾಯಿಲೆಗೆಂದು ಅಂಗಡಿಗಳಲ್ಲಿ ಮೊದಲಿನಿಂದಲೂ ಸಿಗುತ್ತಿತ್ತು. ಆಕೆ ದೊಡ್ಡ ಡಾಕ್ಟರಿಗೆ ದುಂಬಾಲು ಬಿದ್ದು ತಮ್ಮನಿಗೂ ಬರೆಸಿಕೊಟ್ಟಳು. 'ನಿನ್ನ ಲೆಕ್ಕ ನಂಬಿ ನುಂಗ್ತೀನಕ್ಕ,' ಎಂದು ಅವನು ನಕ್ಕಿದ್ದ.

ಒಂದು ಶುಕ್ರವಾರ ಮಧ್ಯಾಹ್ನ, ವರದಿ ಕಳಿಸುವ ಮುನ್ನ, ಬಿಟ್ಟುಹೋದವರು ಯಾವ ಗುಂಪಿನವರೆಂದು ಬೇರ್ಪಡಿಸಿ ನೋಡಿದಳು. ಮುಕ್ಕಾಲು ಪಾಲು ನಿಜವಾದ ಮಾತ್ರೆ ನುಂಗಿದವರೇ. ರೋಗಿಗಳ ಮನೆಗೆ ಹೋಗಿಬರುವ ಸಮಾಜ ಕಾರ್ಯಕರ್ತನನ್ನು ಕರೆಸಿ, ಆ ಹೆಸರುಗಳನ್ನು ತೋರಿಸಿದಳು.

'ಇವರ ಮನೆಗಳಿಗೆ ಹೋಗಿದ್ರಾ?'

'ಹೋಗಿದ್ದೆ ಮೇಡಂ. ಕೆಲವರು ಮತ್ತೆ ಶುರು ಮಾಡ್ಕೊಂಡಿದ್ದಾರೆ. ಇವರೊಬ್ಬರು ಬಡಗಿ, ತೀರ್ಕೊಂಡ್ರು. ಮಾತ್ರೆ ತಗೊಂಡು, ಅದರ ಮೇಲೆ ಕುಡಿದು ಮಲಗಿದ್ರಂತೆ. ಬೆಳಗ್ಗೆ ಏಳಲೇ ಇಲ್ಲ. ಇನ್ನೊಬ್ಬರದೂ ಇದೇ ಕಥೆ.'

'ನನಗ್ಯಾಕೆ ಹೇಳ್ಲಿಲ್ಲ?'

'ಬರಲಿಲ್ಲ ಅಂತ ಗುರುತು ಹಾಕೋಕೆ ಒಂದು ಖಾನೆ ಇದೆ, ಹಾಕಿದೆ. ಯಾಕೆ ಬರಲಿಲ್ಲ ಅಂತ ಯಾರೂ ಕೇಳಿಲ್ಲ ಮೇಡಂ.'

ಪರದೆಯ ಮೇಲೆ ಆ ಬಡಗಿ ಸತ್ತ ಮೇಲೂ ವಾರವಾರ ಕುಡಿಯದೆ ಇದ್ದ. ಸತ್ತವನು ಕುಡಿಯುವುದಿಲ್ಲ ಎಂಬುದೇನೋ ನಿಜ. ಅವನ ಆ ಸಜ್ಜನಿಕೆಯೂ ಸೇರಿಯೇ ಮಾತ್ರೆ ಗೆದ್ದಿತ್ತು, ಗೆಲ್ಲಿಸಿದ್ದು ಆಕೆಯ ಕೈ.

ತಮ್ಮನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಕೊನೆಗೆ ಅವನ ಹೆಂಡತಿಗೆ ಮಾಡಿದಳು.

'ನಾನು ತವರಿಗೆ ಬಂದಿದ್ದೀನಕ್ಕ. ಅವರು ಚೆನ್ನಾಗಿದ್ದಾರೆ.'

'ಯಾವಾಗ ಮಾತಾಡಿದ್ದು?'

'ಮೊನ್ನೆ... ಅಲ್ಲ, ಮಂಗಳವಾರ. ಕುಡಿದಿಲ್ಲ, ಆರಾಮಾಗಿದ್ದೀನಿ ಅಂದ್ರು.'

ಆಕೆ ತಮ್ಮನ ಮನೆಯ ಕಡೆಯ ಬಸ್ಸು ಹತ್ತಿದಳು. ಒಂದೊಂದು ನಿಲ್ದಾಣದಲ್ಲೂ ಇಳಿಯುವವರು ಬೇಕೆಂದೇ ತಡಮಾಡುತ್ತಿದ್ದಾರೆ ಎನ್ನಿಸಿತು. ತಮ್ಮನ ಮನೆ ಒಳಗಿನಿಂದ ಚಿಲಕ ಹಾಕಿತ್ತು. ಟಿವಿಯಲ್ಲಿ ಯಾರೋ ಜೋರಾಗಿ ನಗುತ್ತಿದ್ದರು.

'ಒಳಗೇ ಇದ್ದಾರೆ,' ಎಂದಳು ಪಕ್ಕದ ಮನೆಯಾಕೆ. 'ನಿನ್ನೆಯಿಂದ ಟಿವಿ ನಿಂತೇ ಇಲ್ಲ.'

ಆಕೆ ಬಾಗಿಲು ಬಡಿದಳು, ಕೂಗಿದಳು. ಪಕ್ಕದ ಮನೆಯ ಗಂಡಸು ಹಾರೆ ತಂದು ಚಿಲಕ ಮೀಟಿದ. ತಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದ. ತಲೆದಿಂಬಿನ ಬಳಿ ಮಾತ್ರೆಯ ಪಟ್ಟಿ, ಮಂಚದ ಕೆಳಗೆ ಬಾಟಲಿ. ಆ ಗಂಡಸು ಅವನ ಪಾದ ಮುಟ್ಟಿ, ಕೈ ಹಿಂದಕ್ಕೆಳೆದುಕೊಂಡ.

ಫೋನ್ ಹೊಡೆದುಕೊಂಡಿತು, ತಮ್ಮನ ಹೆಂಡತಿ. 'ಮನೆಗೆ ಹೋದ್ರಾ ಅಕ್ಕ? ಹೇಗಿದ್ದಾರೆ?'

'ಹೊರಟು ಬಾ, ತಾಯಿ,' ಎಂದಳು. 'ಈಗಲೇ ಹೊರಟು ಬಾ. ಆ ಮಾತ್ರೆ ಕೊಡಿಸಿದ್ದು ನಾನು.'